ಬಸುರಿ ಬಾಣಂತಿಯರ ಊಟದಲ್ಲಿ ಜಿಡ್ಡಿನ ಸ್ಥಾನ



ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಗಾದೆಯ ಅರ್ಥವನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರಶ್ನಪತ್ರಿಕೆಯಲ್ಲಿ ಕೇಳಿದಾಗ ಹಿತಮಿತವಾಗಿ ತಿನ್ನಬೇಕೆಂದು ಒಂದು ಪುಟ ತುಂಬ ಬರೆಯುತ್ತೀರಿ. ಆದರೆ ಒಂದು ಜೀವ ಎರಡು ಜೀವಕ್ಕಾಗಿ ಉಣ್ಣಬೇಕಾದ ಕಾಲ ಬಂದಾಗ ಹಿತವೆಂದರೆ ಯಾವುದು, ಮಿತವೆಂದರೆ ಎಷ್ಟು ಎಂಬುದನ್ನು ನಾವು ತರಗತಿಯಲ್ಲಿ ವಿಚಾರಿಸುವುದು ಕಡಿಮೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಚಿಕ್ಕಮ್ಮನೋ ಬಸುರಿಯಾಗಿರಬಹುದು. ಇಲ್ಲವೆ ಬಾಣಂತನಕ್ಕೆಂದು ತವರಿಗೆ ಬಂದಿರಬಹುದು. ಅವರ ತಟ್ಟೆಯಲ್ಲಿ ಎಣ್ಣೆ, ತುಪ್ಪ, ಶೇಂಗಾ, ಮೊಟ್ಟೆ ಎಷ್ಟಿರಬೇಕು ಎಂಬ ಮಾತು ಬಂದಾಗ ಒಂದು ಮನೆಯಲ್ಲಿ ಒಂದು ರೀತಿ, ಇನ್ನೊಂದು ಮನೆಯಲ್ಲಿ ಮತ್ತೊಂದು ರೀತಿ. ಒಬ್ಬರು ಎಣ್ಣೆಯನ್ನೇ ಬಿಡಿಸುತ್ತಾರೆ. ಇನ್ನೊಬ್ಬರು ಬಟ್ಟಲುಗಟ್ಟಲೆ ತುಪ್ಪ ಕುಡಿಸುತ್ತಾರೆ. ನಾವು ವೈದ್ಯರಲ್ಲ, ಕನ್ನಡ ಪಾಠ ಹೇಳುವವರು. ಆದರೂ ವೈದ್ಯಶಾಸ್ತ್ರವೂ ಆಹಾರಶಾಸ್ತ್ರವೂ ನಿಶ್ಚಯಿಸಿ ಹೇಳಿರುವ ಕೆಲವು ಸಂಗತಿಗಳನ್ನು ನಿಮಗೆ ತಿಳಿಯುವ ಕನ್ನಡದಲ್ಲಿ ಇಡುವುದು ನಮ್ಮ ಕೆಲಸವೇ ಎಂದು ತಿಳಿದು ಈ ಲೇಖನವನ್ನು ಬರೆದಿದ್ದೇವೆ.

ಮಾತಿನಲ್ಲಿರುವ ಜಿಡ್ಡು

ಮೊದಲು ಪದಗಳನ್ನು ನೋಡೋಣ. ಹಳಗನ್ನಡದಲ್ಲಿ 'ನೆಯ್' ಎಂದರೆ ಜಿಡ್ಡು. ಎಳ್ಳಿನಿಂದ ಬಂದ ನೆಯ್ 'ಎಣ್ಣೆ' ಆಯಿತು. ಬೆಳ್ಳಗಿನ ನೆಯ್ 'ಬೆಣ್ಣೆ' ಆಯಿತು. ನಮ್ಮ ನೆರೆಯ ಭಾಷೆಯನ್ನು ನೋಡಿರಿ. ತೆಲುಗಿನಲ್ಲಿ ತುಪ್ಪಕ್ಕೆ ಇಂದಿಗೂ 'ನೆಯ್ಯಿ' ಎನ್ನುತ್ತಾರೆ. ಎಣ್ಣೆಗೆ 'ನೂನೆ' ಎನ್ನುತ್ತಾರೆ. ಅದರಲ್ಲಿಯೂ ಎಳ್ಳಿನ ಹೆಸರಾದ 'ನುವ್ವು' ಅಡಗಿದೆ. ಸಂಸ್ಕೃತದ 'ತೈಲ' ಎಂಬ ಪದವೂ 'ತಿಲ' ಎಂದರೆ ಎಳ್ಳಿನಿಂದಲೇ ಹುಟ್ಟಿದ್ದು. ಸಿ. ಬೆಳಗಲ್, ಆದೋನಿಯಂಥ ಗಡಿನಾಡಿನಲ್ಲಿ ಮನೆಯಲ್ಲೊಂದು ಬೀದಿಯಲ್ಲೊಂದು ಭಾಷೆಯಾಡುತ್ತ ಬೆಳೆಯುವ ನಿಮಗೆ ಈ ನಂಟು ಬೇಗ ತಿಳಿಯುತ್ತದೆ.

ಇನ್ನೊಂದು ಪದವಿದೆ, 'ಸ್ನೇಹ'. ಇದಕ್ಕೆ ಪ್ರೀತಿ, ಗೆಳೆತನ ಎಂಬ ಅರ್ಥ ನಿಮಗೆ ಗೊತ್ತು. ಇದೇ ಪದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಎರಡನ್ನು ಒಂದಾಗಿ ಅಂಟಿಸುವ ಗುಣ ಪ್ರೀತಿಗೂ ಇದೆ, ಜಿಡ್ಡಿಗೂ ಇದೆ ಎಂದು ಹಿರಿಯರು ಕಂಡಿರಬೇಕು. ತಾಯಿಗೂ ಹೊಟ್ಟೆಯ ಮಗುವಿಗೂ ನಡುವೆ ಜಿಡ್ಡು ಮಾಡುವ ಕೆಲಸವನ್ನು ತಿಳಿದಮೇಲೆ ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ನಿಮಗೆ ಸೋಜಿಗವೆನಿಸದು.

ಜಿಡ್ಡು ಎಂದರೇನು?

ನಾವು ತಿನ್ನುವ ಆಹಾರದಲ್ಲಿ ಶರ್ಕರಪಿಷ್ಟ, ಸಸಾರಜನಕ, ಜಿಡ್ಡು, ಲವಣ, ಜೀವಸತ್ವ, ನೀರು ಎಂಬ ಭಾಗಗಳಿವೆಯೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಒಂದು ಗ್ರಾಂ ಶರ್ಕರಪಿಷ್ಟದಿಂದ ಅಥವಾ ಸಸಾರಜನಕದಿಂದ ಸುಮಾರು 4 ಕಿಲೋ ಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಜಿಡ್ಡಿನಿಂದ 9 ಕಿಲೋ ಕ್ಯಾಲೊರಿ ದೊರೆಯುತ್ತದೆ. ಅಂದರೆ ಜಿಡ್ಡು ಚಿಕ್ಕ ಗಂಟಿನಲ್ಲಿ ಕಟ್ಟಿಟ್ಟ ದೊಡ್ಡ ಶಕ್ತಿ. ಬಸುರಿನ ಕೊನೆಯ ತಿಂಗಳುಗಳಲ್ಲಿ ಗರ್ಭಕೋಶವು ದೊಡ್ಡದಾಗಿ ಹೊಟ್ಟೆಯಲ್ಲಿ ಊಟಕ್ಕೆ ಸ್ಥಳವೇ ಇಲ್ಲದಂತಾಗುತ್ತದೆ. ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಸಾಕೆನಿಸುತ್ತದೆ. ಆಗ ಸ್ವಲ್ಪ ಊಟದಲ್ಲಿ ಹೆಚ್ಚು ಶಕ್ತಿ ಸಿಗಬೇಕಾದರೆ ಅದರಲ್ಲಿ ತಕ್ಕಮಟ್ಟಿಗೆ ಜಿಡ್ಡು ಇರಲೇಬೇಕು.

ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳು ಜಿಡ್ಡಿನಲ್ಲಿ ಮಾತ್ರ ಕರಗುತ್ತವೆ. ಪಾಲಕ್, ಮೆಂತ್ಯ, ನುಗ್ಗೆಸೊಪ್ಪು, ಗಜ್ಜರಿಗಳಲ್ಲಿರುವ ಎ ಜೀವಸತ್ವದ ಮೂಲದ್ರವ್ಯವು ಮೈಗೆ ಹತ್ತಬೇಕಾದರೆ ಆ ಪಲ್ಲೆಗೆ ಒಂದಿಷ್ಟು ಎಣ್ಣೆಯ ಒಗ್ಗರಣೆ ಬೇಕು. ನಮ್ಮ ಅಜ್ಜಿಯಂದಿರು ರುಚಿಗಾಗಿ ಹಾಕಿದ ಒಗ್ಗರಣೆಯು ಆರೋಗ್ಯಕ್ಕೂ ಒದಗಿತು.

ಜಿಡ್ಡು ಬರಿಯ ಶಕ್ತಿಗಾಗಿ ಎಂದು ಬಹುಕಾಲ ವಿದ್ವಾಂಸರೂ ತಿಳಿದಿದ್ದರು. 1929ರಲ್ಲಿ ಅಮೆರಿಕೆಯ ಮಿನ್ನೆಸೋಟಾ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಅವರ ಪತ್ನಿ ಮಿಲ್‌ಡ್ರೆಡ್ ಬರ್ ಇಲಿಗಳಿಗೆ ಜಿಡ್ಡನ್ನು ಪೂರ್ತಿಯಾಗಿ ತೆಗೆದ ಆಹಾರ ಕೊಟ್ಟು ನೋಡಿದರು. ಬೇರೆಲ್ಲ ಸತ್ವಗಳಿದ್ದರೂ ಆ ಇಲಿಗಳ ಬೆಳವಣಿಗೆ ಕುಂಠಿತವಾಯಿತು; ಬಾಲದ ಚರ್ಮ ಹೊಟ್ಟುಹೊಟ್ಟಾಯಿತು; ಸಂತಾನಶಕ್ತಿಯೂ ಕೆಟ್ಟಿತು. ಕೆಲವು ಕೊಬ್ಬಿನಾಮ್ಲಗಳನ್ನು ದೇಹವು ತಾನೇ ತಯಾರಿಸಿಕೊಳ್ಳಲಾರದು, ಅವು ಆಹಾರದಿಂದಲೇ ಬರಬೇಕು ಎಂಬುದು ಹೀಗೆ ಹೊರಪಟ್ಟಿತು. ಇವುಗಳಲ್ಲಿ ಎರಡು ಮುಖ್ಯ. ಒಂದು, ಒಮೆಗಾ-6 ಗುಂಪಿನ ಲಿನೋಲಿಯಿಕ್ ಆಮ್ಲ. ಇನ್ನೊಂದು, ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಹೆಸರು ಉದ್ದವಾಯಿತೆಂದು ಹೆದರಬೇಡಿರಿ. ಮುಂದೆ ನಾವು ಇವನ್ನು 'ಆರರ ಗುಂಪು', 'ಮೂರರ ಗುಂಪು' ಎಂದೇ ಕರೆಯೋಣ.

ಹೊಟ್ಟೆಯ ಮಗುವಿಗೆ ಏಕೆ ಬೇಕು?

ಮನುಷ್ಯನ ಮಿದುಳಿನಿಂದ ನೀರಿನ ಅಂಶವನ್ನು ತೆಗೆದರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಜಿಡ್ಡೇ. ಮಿದುಳು ಮತ್ತು ಕಣ್ಣಿನ ಒಳಪರದೆಯಲ್ಲಿ ಡಿ.ಎಚ್.ಎ. ಎಂಬ, ಮೂರರ ಗುಂಪಿಗೆ ಸೇರಿದ ಕೊಬ್ಬಿನಾಮ್ಲ ವಿಶೇಷವಾಗಿ ತುಂಬಿರುತ್ತದೆ. ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಬಸುರಿನ ಕೊನೆಯ ಮೂರು ತಿಂಗಳು ಮತ್ತು ಹುಟ್ಟಿದ ಮೊದಲ ಎರಡು ವರ್ಷ. ಈ ಕಾಲದಲ್ಲಿ ಮಗುವಿಗೆ ಬೇರೆ ಅಂಗಡಿಯಿಲ್ಲ, ಬೇರೆ ಅಡುಗೆಮನೆಯಿಲ್ಲ. ಮಾಸಿನ ಮೂಲಕ ತಾಯಿಯ ರಕ್ತದಿಂದ, ಹುಟ್ಟಿದಮೇಲೆ ತಾಯಿಯ ಎದೆಹಾಲಿನಿಂದ ಅದು ತನಗೆ ಬೇಕಾದುದನ್ನು ಪಡೆಯುತ್ತದೆ. ತಾಯಿ ಉಂಡಿದ್ದರೆ ಅವಳ ಊಟದಿಂದ ಬರುತ್ತದೆ. ಉಣ್ಣದಿದ್ದರೆ ಅವಳ ಮೈಯಲ್ಲಿ ಕೂಡಿಟ್ಟದ್ದರಿಂದ ಹೋಗುತ್ತದೆ. ಕೂಡಿಟ್ಟದ್ದೂ ಕಡಿಮೆಯಿದ್ದರೆ ಇಬ್ಬರಿಗೂ ಕೊರತೆ.

ಎದೆಹಾಲಿನ ಲೆಕ್ಕ

ಗಣಿತದಲ್ಲಿ ಆಸಕ್ತಿಯುಳ್ಳವರು ಈ ಲೆಕ್ಕವನ್ನು ಗಮನಿಸಿರಿ. ಮಗುವಿಗೆ ಎದೆಹಾಲನ್ನು ಮಾತ್ರ ಕುಡಿಸುವ ತಾಯಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಬರುತ್ತದೆ. ಒಂದು ಲೀಟರ್ ಎದೆಹಾಲಿನಲ್ಲಿ ಸಾಮಾನ್ಯವಾಗಿ 35ರಿಂದ 40 ಗ್ರಾಂ ಜಿಡ್ಡಿರುತ್ತದೆ. ಹಾಗಾದರೆ ಆ ತಾಯಿ ದಿನವೊಂದಕ್ಕೆ 26ರಿಂದ 30 ಗ್ರಾಂ ಜಿಡ್ಡನ್ನು ತನ್ನ ಮೈಯಿಂದ ತೆಗೆದು ಮಗುವಿಗೆ ಕೊಡುತ್ತಾಳೆ. ಎದೆಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಈ ಜಿಡ್ಡಿನಿಂದಲೇ. ಆರು ತಿಂಗಳಿಗೆ ಗುಣಿಸಿ ನೋಡಿರಿ. ಐದು ಕಿಲೋ ಜಿಡ್ಡು! ಬಸುರಿನಲ್ಲಿ ಮೈತುಂಬಿಕೊಂಡ ತಾಯಿಯಲ್ಲಿ ಪ್ರಕೃತಿಯು ಮೂರು ನಾಲ್ಕು ಕಿಲೋದಷ್ಟು ಜಿಡ್ಡನ್ನು ಮೊದಲೇ ಕೂಡಿಡುವುದು ಇದೇ ಕಾರಣಕ್ಕೆ.

ತಾಯಿ ಏನು ತಿಂದರೂ ಹಾಲಿನಲ್ಲಿರುವ ಒಟ್ಟು ಜಿಡ್ಡು ಅಷ್ಟಾಗಿ ಏರುಪೇರಾಗುವುದಿಲ್ಲ. ಆದರೆ ಆ ಜಿಡ್ಡು ಎಂಥದು ಎಂಬುದು ಅವಳ ಊಟವನ್ನು ಅವಲಂಬಿಸಿದೆ. ಅವಳು ಮೀನು ತಿಂದರೆ ಹಾಲಿನಲ್ಲಿ ಡಿ.ಎಚ್.ಎ. ಹೆಚ್ಚುತ್ತದೆ. ಅವಳು ವನಸ್ಪತಿಯಲ್ಲಿ ಕರಿದದ್ದನ್ನು ತಿಂದರೆ ಅದರ ಕೆಟ್ಟ ಕೊಬ್ಬು ಕೂಡ ಹಾಲಿಗೆ ಇಳಿಯುತ್ತದೆ. ಹೀಗೆ ತಾಯಿಯ ತಟ್ಟೆಯೇ ಮಗುವಿನ ತಟ್ಟೆ.

ಇನ್ನೊಂದು ಸಂಗತಿ. ಒಂದು ಸಲ ಹಾಲೂಡುವಾಗ ಮೊದಲು ಬರುವ ಹಾಲು ತೆಳ್ಳಗಿರುತ್ತದೆ, ಕೊನೆಗೆ ಬರುವ ಹಾಲಿನಲ್ಲಿ ಜಿಡ್ಡು ಹೆಚ್ಚು. ಆದ್ದರಿಂದ ಒಂದು ಎದೆಯ ಹಾಲನ್ನು ಮಗು ತಾನಾಗಿ ಬಿಡುವವರೆಗೆ ಕುಡಿಯಗೊಟ್ಟು ಆಮೇಲೆ ಇನ್ನೊಂದಕ್ಕೆ ಹಚ್ಚಬೇಕು. ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವುದು ತಪ್ಪು. ಅದು ಮಗುವಿಗೆ ರೋಗನಿರೋಧಕ ಶಕ್ತಿಯನ್ನು ಕೊಡುವ ಮೊದಲ ಊಟ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎಷ್ಟು ಬೇಕು?

ನಮ್ಮ ದೇಶದ ಆಹಾರದ ಅಳತೆಗಳನ್ನು ನಿಶ್ಚಯಿಸುವುದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ. ಇದರ ಬೇರು ತಮಿಳುನಾಡಿನ ಕೂನೂರಿನಲ್ಲಿದೆ. ಅಲ್ಲಿ 1918ರಲ್ಲಿ ರಾಬರ್ಟ್ ಮೆಕಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗಾಗಿ ಒಂದು ಸಣ್ಣ ಪ್ರಯೋಗಶಾಲೆ ತೆರೆದರು. ಅದು ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. 1969ರಲ್ಲಿ ಇಂದಿನ ಹೆಸರನ್ನು ಪಡೆಯಿತು.

ಈ ಸಂಸ್ಥೆಯ ಪ್ರಕಾರ ಬಸುರಿಗೆ ಮೊದಲಿಗಿಂತ ದಿನಕ್ಕೆ 350 ಕಿಲೋ ಕ್ಯಾಲೊರಿ ಹೆಚ್ಚು ಬೇಕು. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು 600, ಅನಂತರದ ಆರು ತಿಂಗಳು 520 ಕಿಲೋ ಕ್ಯಾಲೊರಿ ಹೆಚ್ಚು ಬೇಕು. ಬಾಣಂತಿಗೆ ಬಸುರಿಗಿಂತಲೂ ಹೆಚ್ಚು ಆಹಾರ ಬೇಕೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಿರಿ. ಕಣ್ಣಿಗೆ ಕಾಣುವ ಜಿಡ್ಡು, ಎಂದರೆ ಅಡುಗೆಯ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲವೂ ಸೇರಿ, ಇಬ್ಬರಿಗೂ ದಿನಕ್ಕೆ 30 ಗ್ರಾಂ. ಹೆಚ್ಚು ಮೈಶ್ರಮವಿಲ್ಲದೆ ಕುಳಿತು ಕೆಲಸಮಾಡುವ ಸಾಮಾನ್ಯ ಹೆಂಗಸಿಗೆ ಇದು 20 ಗ್ರಾಂ ಮಾತ್ರ.

ಮೂವತ್ತು ಗ್ರಾಂ ಎಂದರೆ ಮನೆಯ ಚಿಕ್ಕ ಚಮಚದಿಂದ ಸುಮಾರು ಆರು ಚಮಚ. ಇದನ್ನು ಅಂಗಡಿಯ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಮೂವತ್ತು ದಿನಕ್ಕೆ ಮೂವತ್ತು ಗ್ರಾಂನಂತೆ 900 ಗ್ರಾಂ. ಹಾಗಾದರೆ ಬಸುರಿ ಅಥವಾ ಬಾಣಂತಿಯೊಬ್ಬಳ ಪಾಲಿಗೆ ತಿಂಗಳಿಗೆ ಒಂದು ಲೀಟರ್ ಎಣ್ಣೆ ಬೀಳಬೇಕು. ತುಪ್ಪ ಬಡಿಸಿದರೆ ಅಷ್ಟು ಎಣ್ಣೆ ಕಡಿಮೆ. ಆರು ಜನರ ಮನೆಗೆ ತಿಂಗಳಿಗೆ ಎರಡೇ ಲೀಟರ್ ಎಣ್ಣೆ ಬಂದರೆ ಅವಳ ಪಾಲಿಗೆ ಎಷ್ಟು ಬಿದ್ದೀತು? ನೀವೇ ಭಾಗಿಸಿ ನೋಡಿರಿ. ಹಾಗೆಯೇ ವಾರಕ್ಕೆರಡು ದಿನ ಬಾಣಲೆ ತುಂಬ ಎಣ್ಣೆ ಕಾಯಿಸುವ ಮನೆಯಲ್ಲಿ ಅಳತೆ ಮೀರುವುದೂ ಸುಲಭ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಜಿಡ್ಡಿಗೂ ಸಲ್ಲುತ್ತದೆ.

ಕಣ್ಣಿಗೆ ಕಾಣದ ಜಿಡ್ಡು ಇನ್ನೊಂದಿದೆ. ಅದು ಧಾನ್ಯ, ಬೀಜ, ಹಾಲು, ಮೊಟ್ಟೆಗಳೊಳಗೆ ಅಡಗಿರುತ್ತದೆ. 30 ಗ್ರಾಂ ಶೇಂಗಾ ಬೀಜದಲ್ಲಿ 13–14 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 5 ಗ್ರಾಂ, ಒಂದು ಲೋಟ, ಅಂದರೆ 200 ಮಿಲಿಲೀಟರ್ ಆಕಳ ಹಾಲಿನಲ್ಲಿ ಸುಮಾರು 8 ಗ್ರಾಂ, ಅಷ್ಟೇ ಎಮ್ಮೆಯ ಹಾಲಿನಲ್ಲಿ 13 ಗ್ರಾಂನಷ್ಟು ಜಿಡ್ಡಿದೆ. ಜೋಳದಲ್ಲಿ ನೂರು ಗ್ರಾಂಗೆ ಎರಡು ಗ್ರಾಂ ಕೂಡ ಇಲ್ಲ. ಬರಿಯ ರೊಟ್ಟಿ, ಖಾರದ ಮೇಲೆ ದಿನ ತಳ್ಳುವ ಬಸುರಿಗೆ ಹೊಟ್ಟೆ ತುಂಬಿದಂತಾದರೂ ಜಿಡ್ಡಿನ ಕೊರತೆ ತಪ್ಪದು.

ಯಾವ ಜಿಡ್ಡು?

ತುಂಗಭದ್ರೆಯ ದಡದಿಂದ ಆದೋನಿಯವರೆಗಿನ ನಮ್ಮ ಸೀಮೆ ಎಣ್ಣೆಬೀಜಗಳಿಗೆ ಹೊಸದಲ್ಲ. ಹತ್ತಿ ಮತ್ತು ಶೇಂಗಾ ಆದೋನಿಯ ಮಾರುಕಟ್ಟೆಗೆ ಬರುವ ಮುಖ್ಯ ಬೆಳೆಗಳು. ಶೇಂಗಾ ಬೀಜದ ಅರ್ಧದಷ್ಟು ತೂಕ ಎಣ್ಣೆಯೇ, ಕಾಲುಭಾಗ ಸಸಾರಜನಕ. ಅದರ ಎಣ್ಣೆಯಲ್ಲಿ ಹೃದಯಕ್ಕೆ ಹಿತವಾದ ಓಲಿಯಿಕ್ ಆಮ್ಲ ಹೆಚ್ಚಾಗಿದೆ, ಆರರ ಗುಂಪಿನ ಆಮ್ಲವೂ ಸಾಕಷ್ಟಿದೆ. ಎಳ್ಳು, ಕುಸುಬೆ, ಸೂರ್ಯಕಾಂತಿ, ಗುರೆಳ್ಳುಗಳಲ್ಲಿಯೂ ಆರರ ಗುಂಪು ಧಾರಾಳವಾಗಿದೆ. ಆದ್ದರಿಂದ ಎಣ್ಣೆಯನ್ನು ತಕ್ಕಷ್ಟು ಬಳಸುವ ಮನೆಯಲ್ಲಿ ಆರರ ಗುಂಪಿಗೆ ಕೊರತೆಯಿಲ್ಲ.

ಕೊರತೆಯಿರುವುದು ಮೂರರ ಗುಂಪಿಗೆ. ಶೇಂಗಾ ಎಣ್ಣೆಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ಸೂರ್ಯಕಾಂತಿ, ಕುಸುಬೆ, ಹತ್ತಿಬೀಜ, ಪಾಮಾಯಿಲ್ ಎಣ್ಣೆಗಳಲ್ಲಿಯೂ ಇಲ್ಲದಷ್ಟು ಕಡಿಮೆ. ಸೋಯಾ ಮತ್ತು ಸಾಸಿವೆ ಎಣ್ಣೆಗಳಲ್ಲಿ ಸ್ವಲ್ಪ ಮಟ್ಟಿಗೆ ಇದೆ. ಆದರೆ ಇದು ತುಂಬಿ ತುಳುಕುವ ಒಂದು ಬೀಜವನ್ನು ನಮ್ಮ ಹಿರಿಯರು ಡಬ್ಬಿಯಲ್ಲಿಟ್ಟುಕೊಂಡಿದ್ದರು. ಅದು ಅಗಸೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂರರ ಗುಂಪಿನ ಆಮ್ಲವೇ. ಹುರಿದ ಅಗಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕೂಡಿಸಿ ಕುಟ್ಟಿದ ಅಗಸೆ ಹಿಂಡಿಯು ರೊಟ್ಟಿಯ ಪಕ್ಕದಲ್ಲಿ ಇರುತ್ತಿತ್ತು. ಇಂದು ಕೆಲವು ಮನೆಗಳಲ್ಲಿ ಅದು ಮರೆಯಾಗಿ ಅಂಗಡಿಯ ಉಪ್ಪಿನಕಾಯಿ ಆ ಸ್ಥಳಕ್ಕೆ ಬಂದಿದೆ. ಎರಡು ಮೂರು ಚಿಕ್ಕ ಚಮಚ ಅಗಸೆಯ ಪುಡಿಯಲ್ಲಿ ಮೂರರ ಗುಂಪಿನ ಆಮ್ಲ ಸುಮಾರು ಒಂದರಿಂದ ಒಂದೂವರೆ ಗ್ರಾಂ ದೊರೆಯುತ್ತದೆ. ಬಸುರಿಯ ದಿನದ ಅಗತ್ಯ ಹೆಚ್ಚುಕಡಿಮೆ ಅಷ್ಟೇ.

ಅಗಸೆಯ ಬಗ್ಗೆ ಮೂರು ಎಚ್ಚರಿಕೆಗಳು. ಇಡೀ ಬೀಜವನ್ನು ನುಂಗಿದರೆ ಅದು ಅರಗದೆ ಹಾಗೆಯೇ ಹೋಗುತ್ತದೆ, ಪುಡಿಮಾಡಿಯೇ ತಿನ್ನಬೇಕು. ಪುಡಿ ಬಹುದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಆದುದರಿಂದ ವಾರಕ್ಕೆ ಬೇಕಾದಷ್ಟೇ ಮಾಡಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಬೇಕು. ಮೂರನೆಯದಾಗಿ, ಊಟದ ಜೊತೆಗಿನ ಹಿಂಡಿಯ ಅಳತೆಯಲ್ಲಿ ತಿನ್ನುವುದು ಬೇರೆ, ಔಷಧವೆಂದು ಹಿಡಿಹಿಡಿಯಾಗಿ ತಿನ್ನುವುದು ಬೇರೆ. ಬಸುರಿಯು ಎರಡನೆಯದನ್ನು ಡಾಕ್ಟರರನ್ನು ಕೇಳದೆ ಮಾಡಕೂಡದು.

ಮೀನು, ಮೊಟ್ಟೆ, ಮಾತ್ರೆ

ಅಗಸೆಯಲ್ಲಿರುವ ಆಮ್ಲವನ್ನು ನಮ್ಮ ದೇಹವು ಡಿ.ಎಚ್.ಎ. ಆಗಿ ಮಾರ್ಪಡಿಸಿಕೊಳ್ಳಬಲ್ಲದು. ಆದರೆ ಮಾರ್ಪಡುವುದು ಸ್ವಲ್ಪವೇ. ತಯಾರಾದ ಡಿ.ಎಚ್.ಎ. ಸಿಗುವುದು ಮುಖ್ಯವಾಗಿ ಮೀನಿನಲ್ಲಿ. ಸ್ವಲ್ಪ ಮಟ್ಟಿಗೆ ಮೊಟ್ಟೆಯ ಹಳದಿಯಲ್ಲಿ. ಬಸುರಿಗೂ ಹಾಲೂಡುವ ತಾಯಿಗೂ ದಿನಕ್ಕೆ ಕಡೆಯಪಕ್ಷ 200 ಮಿಲಿಗ್ರಾಂ ಡಿ.ಎಚ್.ಎ. ಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು ಹೇಳಿದ್ದಾರೆ. ಕರಾವಳಿಯ ಬೂತಾಯಿ, ಬಂಗುಡೆಯಂಥ ಸಣ್ಣ ಸಮುದ್ರಮೀನುಗಳಲ್ಲಿ ಇದು ಹೆಚ್ಚು. ನಮ್ಮ ಹೊಳೆ ಕೆರೆಗಳ ಮೀನಿನಲ್ಲಿ ಅಷ್ಟಿಲ್ಲದಿದ್ದರೂ ಇದೆ. ಮೀನು ತಿನ್ನುವ ಮನೆತನದವರು ಬಸುರಿಗೆ ವಾರಕ್ಕೆ ಎರಡು ಸಲ ಚೆನ್ನಾಗಿ ಬೇಯಿಸಿದ ಮೀನನ್ನು ಧಾರಾಳವಾಗಿ ಬಡಿಸಬಹುದು. ಶಾರ್ಕಿನಂಥ ದೊಡ್ಡ ಸಮುದ್ರಮೀನುಗಳಲ್ಲಿ ಪಾದರಸ ಕೂಡಿಕೊಂಡಿರುವುದರಿಂದ ಅವು ಬೇಡ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಗರ್ಭಿಣಿಯರ ಊಟವನ್ನು ಪರಿಶೀಲಿಸಿ 2009ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕೊನೆಯ ಮೂರು ತಿಂಗಳಲ್ಲಿ ಮೀನನ್ನು ತಿನ್ನದಿದ್ದ ತಾಯಂದಿರಲ್ಲಿ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳು ಹುಟ್ಟುವುದು ಹೆಚ್ಚಾಗಿ ಕಂಡುಬಂತು. 2018ರಲ್ಲಿ ಜಗತ್ತಿನ ಬೇರೆ ಬೇರೆ ದೇಶಗಳ 70 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಿಶೀಲನೆಯಲ್ಲಿ, ಮೂರರ ಗುಂಪಿನ ಕೊಬ್ಬನ್ನು ಹೆಚ್ಚಾಗಿ ಪಡೆದ ಬಸುರಿಯರಲ್ಲಿ ದಿನ ತುಂಬುವ ಮುಂಚಿನ ಹೆರಿಗೆ ಕಡಿಮೆಯೆಂದು ತಿಳಿಯಿತು. 34 ವಾರಕ್ಕೆ ಮೊದಲೇ ಆಗುವ ಹೆರಿಗೆಗಳು ಸಾವಿರಕ್ಕೆ 46 ಇದ್ದದ್ದು 27ಕ್ಕೆ ಇಳಿದವು. ಎಳೆಯ ಶಿಶುಗಳ ಮರಣಕ್ಕೆ ದಿನ ತುಂಬದ ಹೆರಿಗೆಯೇ ದೊಡ್ಡ ಕಾರಣವಾಗಿರುವಾಗ ಇದು ಸಣ್ಣ ಲಾಭವಲ್ಲ.

ಹಾಗಾದರೆ ಡಿ.ಎಚ್.ಎ. ಮಾತ್ರೆ ನುಂಗಿದರೆ ಮಗು ಬಲು ಜಾಣನಾಗುವುದೆ? ಹಾಗೆಂದು ಜಾಹೀರಾತುಗಳು ಸೂಚಿಸುತ್ತವೆ. ಬಡವರೂ ಸಾಲಮಾಡಿ ದುಬಾರಿ ಡಬ್ಬಿಗಳನ್ನು ಕೊಳ್ಳುವುದನ್ನು ಕಾಣುತ್ತೇವೆ. ನಮ್ಮ ಕನ್ನಡನಾಡಿನ ಬೆಳಗಾವಿಯಲ್ಲಿಯೇ ಇದನ್ನು ಪರೀಕ್ಷಿಸಿದ್ದಾರೆ. ಒಂಬೈನೂರಕ್ಕೂ ಹೆಚ್ಚು ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 400 ಮಿಲಿಗ್ರಾಂ ಡಿ.ಎಚ್.ಎ. ಇರುವ ಮಾತ್ರೆಯನ್ನೂ ಇನ್ನೊಂದು ಗುಂಪಿಗೆ ನೋಡಲು ಹಾಗೆಯೇ ಇರುವ ಹುಸಿಮಾತ್ರೆಯನ್ನೂ ಹೆರಿಗೆಯ ಅನಂತರ ಆರು ತಿಂಗಳವರೆಗೆ ಕೊಟ್ಟರು. ಮಕ್ಕಳಿಗೆ ಒಂದು ವರ್ಷ ತುಂಬಿದಾಗ ಅವರ ಬುದ್ಧಿಬೆಳವಣಿಗೆಯನ್ನು ಅಳೆದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದರಿಂದ ನಾವು ಕಲಿಯಬೇಕಾದುದೇನು? ಡಾಕ್ಟರರು ಅಗತ್ಯವೆಂದು ಬರೆದುಕೊಟ್ಟ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಕಬ್ಬಿಣದ ಮಾತ್ರೆಯನ್ನಂತೂ ಬಿಡಲೇಕೂಡದು. ಆದರೆ ಜಾಹೀರಾತು ನಂಬಿ ಡಬ್ಬಿ ಕೊಳ್ಳುವ ಹಣದಲ್ಲಿ ಮೊಟ್ಟೆ, ಹಾಲು, ಶೇಂಗಾ, ಅಗಸೆ ಕೊಂಡರೆ ತಾಯಿಗೂ ಮಗುವಿಗೂ ಹೆಚ್ಚು ಹಿತ.

ಬಿಡತಕ್ಕವು

ವನಸ್ಪತಿಯನ್ನು ನಮ್ಮ ಕಡೆ ಡಾಲ್ಡಾ ಎಂದೇ ಕರೆಯುವುದು ವಾಡಿಕೆ. ಎಣ್ಣೆಯನ್ನು ಗಟ್ಟಿಮಾಡುವಾಗ ಟ್ರಾನ್ಸ್ ಕೊಬ್ಬು ಎಂಬ ಕೆಟ್ಟ ಪದಾರ್ಥ ಉಂಟಾಗುತ್ತದೆ. ಇದು ಹೃದಯಕ್ಕೆ ಕೇಡು, ಎದೆಹಾಲಿಗೂ ಇಳಿಯುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ನೂರಕ್ಕೆ 2ಕ್ಕಿಂತ ಹೆಚ್ಚಿರಕೂಡದೆಂದು ಕಟ್ಟು ಮಾಡಿದೆ. ಕಾಯಿದೆ ಬಂದರೂ ಬಸುರಿ ಬಾಣಂತಿಯರು ವನಸ್ಪತಿಯ ಮಿಠಾಯಿ, ಬಿಸ್ಕತ್ತು, ಪಫ್‌ಗಳನ್ನು ದೂರವಿಡುವುದೇ ಲೇಸು. ಒಂದೇ ಎಣ್ಣೆಯನ್ನು ಕಪ್ಪಾಗುವವರೆಗೆ ಮತ್ತೆ ಮತ್ತೆ ಕಾಯಿಸಿ ಕರಿದ ಮಿರ್ಚಿ ಬಜ್ಜಿಯೂ ಹಾಗೆಯೇ. ಬಯಕೆಯಾದರೆ ಮನೆಯಲ್ಲಿ ಹೊಸ ಎಣ್ಣೆಯಲ್ಲಿ ಒಂದೆರಡು ಕರಿದುಕೊಡಬಹುದು.

ಶೇಂಗಾದಲ್ಲಿಯೂ ಒಂದು ಎಚ್ಚರಿಕೆ ಬೇಕು. ಸರಿಯಾಗಿ ಒಣಗಿಸದೆ ಚೀಲದಲ್ಲಿ ಕಟ್ಟಿಟ್ಟ ಶೇಂಗಾಕ್ಕೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಪಿತ್ತಜನಕಾಂಗಕ್ಕೆ ಮಾರಕ, ಹುರಿದರೂ ಪೂರ್ತಿ ಹೋಗದು. ಹಸುರು ಕಪ್ಪು ಬಣ್ಣಕ್ಕೆ ತಿರುಗಿದ, ಸುಕ್ಕಾದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಬೇಕು. ಮಾರಲು ಬಾರದ ಬೀಜವನ್ನು ಮನೆಯವರ ಬಾಯಿಗೆ ಎಂದು ಉಳಿಸಿಕೊಳ್ಳುವ ರೂಢಿ ರೈತರ ಮನೆಗಳಲ್ಲಿ ಉಂಟು. ಒಳ್ಳೆಯ ಬೀಜದ ನಾಲ್ಕು ಸೇರನ್ನು ಬಸುರಿಗಾಗಿ ತೆಗೆದಿಟ್ಟು ಉಳಿದದ್ದನ್ನು ಮಾರಿದರೆ ನಷ್ಟವೇನೂ ಆಗದು.

ತುಪ್ಪ ಒಳ್ಳೆಯದೇ. ಆದರೆ ಅದರಲ್ಲಿ ಗಟ್ಟಿಕೊಬ್ಬು ಹೆಚ್ಚಾಗಿರುವುದರಿಂದ ದಿನಕ್ಕೆ ಒಂದೆರಡು ಚಮಚ ಸಾಕು, ಉಳಿದದ್ದು ಎಣ್ಣೆಯಾಗಿರಲಿ. ಸಕ್ಕರೆಕಾಯಿಲೆ, ರಕ್ತದ ಒತ್ತಡ, ಪಿತ್ತಕೋಶದ ಕಲ್ಲು ಇದ್ದವರು ಡಾಕ್ಟರರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಕೆಲವು ನಂಬಿಕೆಗಳು

ಹೆಚ್ಚು ಉಂಡರೆ ಹೊಟ್ಟೆಯಲ್ಲಿ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಕೆಲವರು ಬಸುರಿಗೆ ಊಟ ಇಳಿಸುತ್ತಾರೆ. ಆಸ್ಪತ್ರೆ ದೂರವಿದ್ದ ಕಾಲದ ಹೆದರಿಕೆಯಿಂದ ಹುಟ್ಟಿದ ಮಾತು ಇದು. ಊಟ ಇಳಿಸಿದರೆ ಆಗುವುದು ನಿಶ್ಶಕ್ತಳಾದ ತಾಯಿ, ಕಡಿಮೆ ತೂಕದ ಮಗು.

ಒಂಬತ್ತನೆಯ ತಿಂಗಳಲ್ಲಿ ತುಪ್ಪ ಕುಡಿದರೆ ಮಗು ಜಾರಿ ಬರುತ್ತದೆ ಎಂಬುದು ಇನ್ನೊಂದು ಮಾತು. ನಾವು ಕುಡಿದ ತುಪ್ಪ ಹೋಗುವುದು ಜಠರಕ್ಕೆ, ಕರುಳಿಗೆ. ಗರ್ಭಕೋಶದ ದಾರಿಯೇ ಬೇರೆ. ತುಪ್ಪಕ್ಕೂ ಹೆರಿಗೆಯ ಸಲೀಸಿಗೂ ಸಂಬಂಧವಿಲ್ಲ.

ಬಾಣಂತಿಗೆ ಶೇಂಗಾ ಪಿತ್ತ, ಸೊಪ್ಪು ಶೀತ, ನೀರು ನಂಜು ಎಂದು ಪಥ್ಯ ಮಾಡಿಸುವುದುಂಟು. ಶೇಂಗಾ ಮೈಗೆ ಒಗ್ಗದವರು ಕೆಲವರಿದ್ದಾರೆ, ಅವರು ಬಿಡಲಿ. ಉಳಿದವರು ಬಿಡಲು ಕಾರಣವಿಲ್ಲ. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕೊಡುವವಳಿಗೆ ಬಾಯಾರಿಕೆ ಸಹಜ. ಕಾಯಿಸಿ ಆರಿಸಿದ ನೀರನ್ನು ಬೇಕಾದಷ್ಟು ಕುಡಿಯಲಿ.

ಹಳೆಯದೆಲ್ಲವೂ ಮೂಢನಂಬಿಕೆಯೆಂದು ನೀವು ತಿಳಿಯಬಾರದು. ಕೊಬ್ಬರಿ, ಅಂಟು, ಬೆಲ್ಲ, ತುಪ್ಪ ಕೂಡಿಸಿ ಬಾಣಂತಿಗೆ ಕಟ್ಟುವ ಅಂಟಿನುಂಡೆ ಶಕ್ತಿಯ ಗಟ್ಟಿ ಆಹಾರ. ದಿನಕ್ಕೊಂದು ತಿಂದರೆ ಹಿತ. ಅದಕ್ಕೆ ಹುರಿದ ಎಳ್ಳು, ಅಗಸೆಯ ಪುಡಿ ಸೇರಿಸಿದರೆ ಇನ್ನೂ ಮೇಲು. ಕುಪ್ಪಸದ ದಿನ ಐದು ಬಗೆಯ ಬುತ್ತಿ ತಂದು ಬಸುರಿಯನ್ನು ನಡುವೆ ಕೂರಿಸಿ ಉಣಿಸುವುದೂ ಒಳ್ಳೆಯ ಪದ್ಧತಿಯೇ. ನಮ್ಮ ಮಾತು ಇಷ್ಟೇ: ಆ ಉಪಚಾರವು ಆ ಒಂದು ದಿನಕ್ಕೆ ಮುಗಿಯಬಾರದು.

ತಟ್ಟೆಯ ಸರದಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಹೇಳತಕ್ಕದ್ದಿದೆ. ಅಗಸೆಯ ಗುಣ, ಮೊಟ್ಟೆಯ ಗುಣ ಎಷ್ಟು ಹೊಗಳಿದರೇನು, ಅದು ಬಸುರಿಯ ತಟ್ಟೆಗೆ ಬೀಳದಿದ್ದರೆ? ಬಹಳ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಎಲ್ಲರೂ ಉಂಡಾದಮೇಲೆ ಸೊಸೆ ಉಣ್ಣುವುದು ರೂಢಿ. ಪಲ್ಲೆಯ ಮೇಲೆ ತೇಲುವ ಎಣ್ಣೆ, ಮೊಸರಿನ ಕೆನೆ, ಸಾರಿನ ಮೊಟ್ಟೆ ಮೊದಲ ಪಂಕ್ತಿಯಲ್ಲಿಯೇ ಖರ್ಚಾಗುತ್ತವೆ. ತಳದಲ್ಲಿ ಉಳಿದ ಸಾರು ಅವಳಿಗೆ. ಯಾರೂ ಅವಳಿಗೆ ಕೊಡಬಾರದೆಂದು ಹೀಗೆ ಮಾಡುವುದಿಲ್ಲ. ರೂಢಿಯೇ ಹಾಗಾಗಿದೆ. ಆದರೆ ಹೊಟ್ಟೆಯ ಮಗುವಿಗೆ ರೂಢಿ ತಿಳಿಯದು.

ಸರಕಾರವು ಈ ವಿಷಯವನ್ನು ಗಮನಿಸಿಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಪ್ರಾರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದಲೇ ಇಂದಿನ ಅಂಗನವಾಡಿಗಳು ಬಂದವು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಬಸುರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯ ಮೂಲಕ ಪುಕ್ಕಟೆಯಾಗಿ ಆಹಾರ ದೊರೆಯಬೇಕು. ಇದು ದಾನವಲ್ಲ, ಹಕ್ಕು. ನೆರೆಯ ಕರ್ನಾಟಕದಲ್ಲಿ 2017ರ ಅಕ್ಟೋಬರಿನಿಂದ ಮಾತೃಪೂರ್ಣ ಎಂಬ ಯೋಜನೆ ನಡೆಯಿತು. ಅದರಲ್ಲಿ ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಅನ್ನ, ಸಾರು, ಪಲ್ಲೆ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿಗಳನ್ನು ಉಣ್ಣುವಂತೆ ಏರ್ಪಡಿಸಲಾಯಿತು. ಅದಕ್ಕೂ ಮೊದಲು, 2013ರಲ್ಲಿ, ನಮ್ಮ ಆಂಧ್ರದಲ್ಲಿ ಇಂದಿರಮ್ಮ ಅಮೃತ ಹಸ್ತಂ ಎಂಬ ಹೆಸರಿನಿಂದ ಇದೇ ಬಗೆಯ ಬಿಸಿಯೂಟ ಪ್ರಾರಂಭವಾಗಿತ್ತು. ಅಲ್ಲಿಯೇ ಉಣಿಸುವುದರ ಲಾಭವೇನು? ಮನೆಗೆ ಕಟ್ಟಿಕೊಟ್ಟರೆ ಹಾಲು ಎಲ್ಲರ ಚಹಕ್ಕೆ, ಮೊಟ್ಟೆ ಎಲ್ಲರ ಸಾರಿಗೆ ಹೋಗುತ್ತದೆ. ಅಲ್ಲಿಯೇ ಉಂಡರೆ ಅವಳ ಹೊಟ್ಟೆಗೇ ಹೋಗುತ್ತದೆ. ಕಾಯಿದೆಯು ಅಂಗನವಾಡಿಯ ಬಾಗಿಲವರೆಗೆ ತಂದುಕೊಟ್ಟೀತು. ಅಲ್ಲಿಂದ ಅವಳ ತಟ್ಟೆಯವರೆಗೆ ತಲುಪಿಸಬೇಕಾದವರು ಮನೆಯವರು.

ವಿದ್ಯಾರ್ಥಿನಿಯರಿಗೆ ಒಂದು ಮಾತು. ನಿಮ್ಮ ಮೈ ಇನ್ನೂ ಬೆಳೆಯುತ್ತಿದೆ. ಹದಿನೆಂಟು ತುಂಬುವ ಮೊದಲೇ ಮದುವೆಯಾಗಿ ಬಸುರಿಯಾದರೆ ಬೆಳೆಯುವ ತಾಯಿಗೂ ಬೆಳೆಯುವ ಮಗುವಿಗೂ ಒಂದೇ ತಟ್ಟೆಯ ಊಟಕ್ಕಾಗಿ ಪೈಪೋಟಿ ಬೀಳುತ್ತದೆ. ಬಾಲ್ಯವಿವಾಹ ನಿಷೇಧಕ್ಕೆ 2006ರ ಕಾಯಿದೆಯಿದೆ. ಅದನ್ನು ನೆನಪಿಟ್ಟುಕೊಳ್ಳಿರಿ, ಓದನ್ನು ಬಿಡಬೇಡಿರಿ. ವಿದ್ಯಾರ್ಥಿಗಳಾದ ಗಂಡುಮಕ್ಕಳಿಗೂ ಒಂದು ಮಾತು. ಈ ಲೇಖನ ಹೆಂಗಸರ ವಿಷಯವೆಂದು ಪುಟ ತಿರುವಬೇಡಿರಿ. ಮೊದಲ ಪಂಕ್ತಿಯಲ್ಲಿ ಕೂಡುವವರು ನೀವು. ನಿಮ್ಮ ತಟ್ಟೆಯ ಮೊಟ್ಟೆಯನ್ನು ಅಕ್ಕನಿಗೋ ಅತ್ತಿಗೆಗೋ ತೆಗೆದಿಡಿ ಎಂದು ಹೇಳುವ ಅಧಿಕಾರ ನಿಮಗಿದೆ. ನೀವು ಹೇಳಿದರೆ ಮನೆಯಲ್ಲಿ ನಡೆಯುತ್ತದೆ.

ಒಂದು ದಿನದ ಊಟ

ಬಡವರ ಮನೆಯಲ್ಲಿಯೂ ಸಾಧ್ಯವಾಗುವ ಒಂದು ಕ್ರಮವನ್ನು ಸೂಚಿಸುತ್ತೇವೆ. ಬೆಳಿಗ್ಗೆ ಒಂದು ಲೋಟ ಹಾಲು, ಶೇಂಗಾ ಹಾಕಿದ ಒಗ್ಗರಣೆ ಮಂಡಕ್ಕಿ ಅಥವಾ ಉಪ್ಪಿಟ್ಟು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಯ ಒಗ್ಗರಣೆ ಕೊಟ್ಟ ಸೊಪ್ಪಿನ ಪಲ್ಲೆ, ತೊಗರಿಬೇಳೆ, ಎರಡು ಚಮಚ ಅಗಸೆ ಹಿಂಡಿಯ ಮೇಲೆ ಒಂದು ಚಮಚ ಶೇಂಗಾ ಎಣ್ಣೆ ಅಥವಾ ತುಪ್ಪ, ಮೊಸರು. ಸಂಜೆ ಒಂದು ಹಿಡಿ ಕುದಿಸಿದ ಶೇಂಗಾ ಇಲ್ಲವೆ ಶೇಂಗಾ ಬೆಲ್ಲದ ಉಂಡೆ, ಒಂದು ಹಣ್ಣು. ರಾತ್ರಿ ಅನ್ನ, ಸಾರು, ತಿನ್ನುವವರಿಗೆ ಮೊಟ್ಟೆ ಅಥವಾ ಮೀನು, ಮಜ್ಜಿಗೆ. ಬಾಣಂತಿಗೆ ಇದರ ಜೊತೆ ನಡುವೆ ಒಂದು ಅಂಟಿನುಂಡೆ, ರಾತ್ರಿ ಹಾಲೂಡುವಾಗ ಹಸಿವಾದರೆ ಇನ್ನೊಂದು ರೊಟ್ಟಿ. ಇದರಲ್ಲಿ ನಮ್ಮ ಸಂತೆಯಲ್ಲಿ ಸಿಗದ ಪದಾರ್ಥ ಒಂದೂ ಇಲ್ಲ.

ಅಭ್ಯಾಸ

1. 'ಎಣ್ಣೆ', 'ಬೆಣ್ಣೆ' ಪದಗಳನ್ನು ಬಿಡಿಸಿ ಬರೆಯಿರಿ. 'ಸ್ನೇಹ' ಪದದ ಎರಡು ಅರ್ಥಗಳಿಗೆ ಒಂದೊಂದು ವಾಕ್ಯ ರಚಿಸಿರಿ.

2. ಬಸುರಿಗಿಂತ ಬಾಣಂತಿಗೆ ಹೆಚ್ಚು ಆಹಾರ ಏಕೆ ಬೇಕು? ಎದೆಹಾಲಿನ ಲೆಕ್ಕದಿಂದ ವಿವರಿಸಿರಿ.

3. ಶೇಂಗಾ ಎಣ್ಣೆಯಲ್ಲಿ ಇಲ್ಲದ, ಅಗಸೆಯಲ್ಲಿರುವ ಆಮ್ಲ ಯಾವುದು? ಅದು ಮಗುವಿನ ಯಾವ ಅಂಗಕ್ಕೆ ಮುಖ್ಯ?

4. ನಿಮ್ಮ ಮನೆಗೆ ಒಂದು ತಿಂಗಳಿಗೆ ಎಷ್ಟು ಎಣ್ಣೆ ಬರುತ್ತದೆ, ಎಷ್ಟು ಜನ ಉಣ್ಣುತ್ತಾರೆ ಎಂದು ಕೇಳಿ ತಿಳಿದು, ಒಬ್ಬರಿಗೆ ದಿನಕ್ಕೆ ಎಷ್ಟು ಗ್ರಾಂ ಆಗುವುದೆಂದು ಲೆಕ್ಕಹಾಕಿರಿ.

5. ಒಂದು ವಾರ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನೇನಿತ್ತು ಎಂದು ಗಮನಿಸಿರಿ. ಇದನ್ನು ಬರೆದು ತೋರಿಸಬೇಕಾಗಿಲ್ಲ. ಎಂಟನೆಯ ದಿನ ಅವರನ್ನು ಮೊದಲು ಕೂರಿಸಿ ಬಡಿಸಿರಿ.